ಸ್ಟಾರ್ಟರ್ ಒತ್ತುವವರ ಕುಂಕುಮ

ಕೆಲಸ ಬಿಟ್ಟು ಮನೆಯಲ್ಲಿ ಕುಳಿತ ಮೇಲೂ ನನ್ನ ಮೊಬೈಲಿಗೆ ಮೋಟರುಗಳ ಸದ್ದು ಬರುವುದು ನಿಂತಿಲ್ಲ. ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಬೋರ್‌ವೆಲ್ ಪಕ್ಕ ನಿಂತು ಸದ್ದನ್ನು ರೆಕಾರ್ಡ್ ಮಾಡಿ, "ರಂಗಣ್ಣ, ಇದೇನಿರ್ಬೋದು ವಸಿ ಹೇಳಿ" ಎಂದು ವಾಟ್ಸಾಪಿನಲ್ಲಿ ಕಳಿಸುತ್ತಾರೆ. ನಾನು ತುಮಕೂರಿನ ಸದಾಶಿವನಗರದ ಮನೆಯ ಮುಂದಿನ ಮೆಟ್ಟಿಲ ಮೇಲೆ ಕುಳಿತು ಫೋನನ್ನು ಕಿವಿಗೆ ಒತ್ತಿಕೊಂಡು ಕೇಳುತ್ತೇನೆ. "ಯಾರ್ದ್ರೀ ಫೋನು, ಮಾತೇ ಆಡ್ತಿಲ್ಲ?" ಎಂದು ಒಳಗಿನಿಂದ ಹೆಂಡತಿ ಕೇಳಿದರೆ, "ಮೋಟರ್‌ದು ಕಣೇ" ಎನ್ನುತ್ತೇನೆ. ಅವಳಿಗೆ ಇದು ಅಭ್ಯಾಸವಾಗಿದೆ.

ಈ ಹುಡುಗರು ಕೇಳುವುದೆಲ್ಲ ಯಾವ ಕಂಪನಿಯ ಕೇಬಲ್ ಒಳ್ಳೆಯದು, ಯಾವ ಪೈಪು ಬಾಳಿಕೆ ಬರುತ್ತದೆ ಎನ್ನುವುದನ್ನು. ಅದನ್ನು ಅಂಗಡಿಯವನೂ ಹೇಳುತ್ತಾನೆ. ನಾನು ಹೇಳಬೇಕೆಂದುಕೊಂಡಿರುವುದು ಬೇರೆ. ಸ್ಕೂಟರ್ ಮೆಕ್ಯಾನಿಕ್ಕಿಗೆ ಸ್ಕೂಟರು ಕಣ್ಣೆದುರಿಗೇ ಇರುತ್ತದೆ. ನಮ್ಮ ಮೋಟರು ಮಾತ್ರ ಭೂಮಿಯೊಳಗೆ, ಕತ್ತಲೆಯಲ್ಲಿ, ನೀರಿನಲ್ಲಿ ಮುಳುಗಿರುತ್ತದೆ. ಅದಕ್ಕೇನಾಗಿದೆ ಎಂದು ಮೇಲೆ ನಿಂತೇ ಊಹಿಸಬೇಕು. ಊಹೆ ತಪ್ಪಿದರೆ ಅಷ್ಟೂ ಪೈಪನ್ನು ಎತ್ತಿ, ಅಷ್ಟನ್ನೂ ಮತ್ತೆ ಇಳಿಸಬೇಕು. ಹಾಗಾಗಿ ಈ ಕೆಲಸಕ್ಕೆ ತೋಳಿನ ಬಲ ಎಷ್ಟು ಬೇಕೋ ಅದಕ್ಕಿಂತ ಹೆಚ್ಚು ಕುತೂಹಲ ಬೇಕು. ಕುತೂಹಲವಿಲ್ಲದವನು ನಮ್ಮ ಲೈನಿಗೆ ಬರಬಾರದು, ಬಂದರೆ ಬೆನ್ನು ನೋವು ಬಿಟ್ಟು ಬೇರೇನೂ ಸಿಗುವುದಿಲ್ಲ.

ನನಗೆ ಕುತೂಹಲ ಹತ್ತಿಸಿದವರು ಬಷೀರ್ ಸಾಬರು. ತುಮಕೂರಿನಲ್ಲಿ ನಾನು ಸೇರಿದ ಪಂಪ್‌ಸೆಟ್ ಅಂಗಡಿಯಲ್ಲಿ ಅವರೇ ಹೆಡ್ ಮೇಸ್ತ್ರಿ. ಸಣ್ಣ ಆಳು, ಗಡ್ಡ ಬಿಳಿಯಾಗಿದ್ದರೂ ಹುಬ್ಬು ಮಾತ್ರ ಕಪ್ಪಗಿತ್ತು. ಅಂಗಿ ಜೇಬಿನಲ್ಲಿ ಯಾವಾಗಲೂ ಒಂದು ಸಣ್ಣ ಕನ್ನಡಿ. ಇಷ್ಟು ವಯಸ್ಸಾದ ಮೇಲೂ ಈ ಮನುಷ್ಯನಿಗೆ ಎಂಥ ಶೋಕಿ ಎಂದು ನಾನು ಮನಸ್ಸಿನಲ್ಲೇ ನಕ್ಕಿದ್ದೆ.

ಆ ಕನ್ನಡಿ ಮುಖ ನೋಡಿಕೊಳ್ಳಲು ಅಲ್ಲ ಎಂದು ಗೊತ್ತಾದದ್ದು ಮೊದಲ ಸಲ ಅವರ ಜೊತೆ ಹೊರಗೆ ಹೋದಾಗ. ಮೋಟರು ಎತ್ತಿ ಮುಗಿದಿತ್ತು. ಬೋರಿನ ಬಾಯಿ ತೆರೆದಿತ್ತು. ಸಾಬರು ಕುಕ್ಕರುಗಾಲಿನಲ್ಲಿ ಕುಳಿತು, ಕನ್ನಡಿಯನ್ನು ಬಿಸಿಲಿಗೆ ಹಿಡಿದು, ಬೆಳಕನ್ನು ಬಗ್ಗಿಸಿ ಸೀದಾ ಬೋರಿನೊಳಕ್ಕೆ ಬಿಟ್ಟರು. "ಬಾರ್ಲಾ ರಂಗ, ನೋಡು" ಎಂದರು. ನಾನು ಬಗ್ಗಿ ನೋಡಿದೆ. ಬಿಸಿಲು ಭೂಮಿಯೊಳಗೆ ಇಳಿಯುತ್ತಾ ಇತ್ತು. ಮೇಲಿನ ಕೇಸಿಂಗ್ ಪೈಪು, ಅದು ಮುಗಿಯುವ ಕಡೆ ಬಂಡೆಯ ಅಂಚು, ಅದರ ಕೆಳಗೆ ಒದ್ದೆ ಕಲ್ಲು, ಎಲ್ಲಕ್ಕಿಂತ ಕೆಳಗೆ ಕಾಸಿನಗಲದ ನೀರು ಥಳಥಳ ಎನ್ನುತ್ತಿತ್ತು.

"ಏನ್ ಕಾಣ್ತು?"

"ನೀರು ಸಾಬ್ರೇ."

"ನೀರು ಎಲ್ರಿಗೂ ಕಾಣ್ತದೆ. ಇನ್ನೊಂದ್ ಕಿತ ನೋಡು."

ಮತ್ತೆ ನೋಡಿದೆ. ಕೇಸಿಂಗ್ ಕೊನೆಯ ಅಂಚಿನ ಮೇಲೆ ಒಂದು ಪುಟ್ಟ ಕಪ್ಪೆ ಕುಳಿತಿತ್ತು. ಅದು ಅಲ್ಲಿಗೆ ಹೇಗೆ ಹೋಯಿತು, ಏನು ತಿಂದುಕೊಂಡಿದೆ ಎಂದು ನಾನು ಆ ದಿನವೆಲ್ಲ ಕೇಳಿದೆ. ಸಾಬರಿಗೂ ಗೊತ್ತಿರಲಿಲ್ಲ. ಆದರೆ ನಾನು ಕೇಳಿದ್ದು ಅವರಿಗೆ ಇಷ್ಟವಾಯಿತು, ಸಂಜೆ ಟೀ ಜೊತೆ ಬನ್ನು ಕೊಡಿಸಿದರು.

ಸಾಬರಿಗೆ ಇನ್ನೊಂದು ಅಭ್ಯಾಸವಿತ್ತು. ಯಾವ ಬೋರಿನ ಹತ್ತಿರ ಹೋದರೂ ರೆಂಚು ಕೈಗೆ ತೆಗೆದುಕೊಳ್ಳುವ ಮೊದಲು, "ಇಲ್ಲಿ ಹೊಸದಾಗಿ ಏನಾಯ್ತು?" ಎಂದು ಕೇಳುತ್ತಿದ್ದರು. ನಮಗೆ ಇದು ಕಾಲಹರಣ ಎನ್ನಿಸುತ್ತಿತ್ತು. ಕೋರದ ಹತ್ತಿರ ಒಂದು ಹೂವಿನ ತೋಟದಲ್ಲಿ ಅದರ ಬೆಲೆ ಗೊತ್ತಾಯಿತು. ಮೋಟರು ಓಡುತ್ತಿದ್ದರೂ ನೀರು ಮಾತ್ರ ಬೆರಳಿನಷ್ಟೇ ಬರುತ್ತಿತ್ತು. ಬೋರು ಫೇಲಾಯಿತು ಎಂದು ಊರಿನವರೆಲ್ಲ ತೀರ್ಮಾನಿಸಿಬಿಟ್ಟಿದ್ದರು. ಹೊಸ ಬೋರಿಗೆ ಪಾಯಿಂಟ್ ನೋಡುವವನು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ತೋಟದಲ್ಲೆಲ್ಲ ತಿರುಗುತ್ತಿದ್ದ. ಆ ದಿನ ಸಾಬರು ಬೇರೆ ಕಡೆ ಹೋಗಿದ್ದರು. ನಾವು ಉಳಿದವರು ಸೇರಿ ಬೆವರು ಸುರಿಸಿ ಪೈಪನ್ನೆಲ್ಲ ಎತ್ತಿದೆವು. ಪಂಪು ಸರಿಯಿತ್ತು, ಮೋಟರೂ ಸರಿಯಿತ್ತು. ಮತ್ತೆ ಇಳಿಸಿದೆವು. ನೀರು ಅದೇ ಬೆರಳಿನಷ್ಟು.

ಸಂಜೆ ಹೊತ್ತಿಗೆ ಸಾಬರು ಬಂದರು. ಹಳೇ ಪ್ರಶ್ನೆ ಕೇಳಿದರು. ತೋಟದವರು ಯೋಚಿಸಿ, "ಹೊಸದೇನಿಲ್ಲ ಸಾಬ್ರೇ, ಟ್ರಾನ್ಸ್‌ಫಾರ್ಮರ್ ಸುಟ್ಟೋಗಿತ್ತು, ಬೇರೇದ್ ಕೂರ್ಸಿದ್ರು ಅಷ್ಟೇ" ಎಂದರು. ಸಾಬರು ಸ್ಟಾರ್ಟರ್ ಪೆಟ್ಟಿಗೆ ತೆಗೆದು ಎರಡು ವೈರುಗಳನ್ನು ಅದಲು ಬದಲು ಮಾಡಿದರು. ಟ್ರಾನ್ಸ್‌ಫಾರ್ಮರ್ ಬದಲಿಸಿದಾಗ ಫೇಸು ತಿರುಗಿ ಮೋಟರು ಹಿಂದುಮುಂದಾಗಿ ಸುತ್ತುತ್ತಿತ್ತು, ಬೇರೇನೂ ಇರಲಿಲ್ಲ. ಸ್ವಿಚ್ ಒತ್ತಿದ ಕೂಡಲೇ ಪೈಪು ತುಂಬಿ ನೀರು ಬಂತು. ತೆಂಗಿನಕಾಯಿಯವನು ಯಾವಾಗ ಜಾಗ ಖಾಲಿ ಮಾಡಿದನೋ ಯಾರೂ ನೋಡಲಿಲ್ಲ. ನಮ್ಮ ಕೈಕಾಲು ವಾರವೆಲ್ಲ ನೋಯುತ್ತಿದ್ದವು.

ದೇವರಾಯನದುರ್ಗದ ತಪ್ಪಲಿನ ಒಂದು ಛತ್ರದಲ್ಲಿ ಇನ್ನೂ ಮಜವಾಗಿತ್ತು. ಅಲ್ಲಿ ಮೋಟರು ತಾನೇ ತಾನಾಗಿ ನಿಲ್ಲುತ್ತಿತ್ತು. ಕೇಬಲ್ ನೋಡಿದೆವು, ಫ್ಯೂಸ್ ನೋಡಿದೆವು, ಎಲ್ಲಿಯೂ ತಪ್ಪು ಸಿಗಲಿಲ್ಲ. ಸುಸ್ತಾಗಿ ಮರದ ಕೆಳಗೆ ಬುತ್ತಿ ಬಿಚ್ಚಿ ಕುಳಿತಿದ್ದಾಗ ಒಂದು ಕೋತಿ ಬಂತು. ಬಾಗಿಲಿಲ್ಲದ ಸ್ಟಾರ್ಟರ್ ಪೆಟ್ಟಿಗೆಯ ಮುಂದೆ ಕುಳಿತು ಕೆಂಪು ಬಟನ್ ಒತ್ತಿತು. ಟಕ್ ಎಂದು ಸದ್ದಾಯಿತು. ಕೋತಿ ಕತ್ತು ಓರೆ ಮಾಡಿ ಆ ಸದ್ದನ್ನು ಕೇಳಿತು. ಸಾಬರು ಅನ್ನದ ಕೈಯನ್ನು ಹಾಗೇ ಹಿಡಿದುಕೊಂಡು, "ಇದನ್ನೇ ನಮ್ ಅಂಗಡೀಗ್ ಸೇರಿಸ್ಕೊಬೇಕು ಕಣ್ಲಾ, ನಿಮಗಿಂತ ಚೆನ್ನಾಗ್ ಕೇಳುಸ್ಕೊತದೆ" ಎಂದರು. ಪೆಟ್ಟಿಗೆಗೆ ಬಾಗಿಲು ಮಾಡಿಸಿ ಚಿಲಕ ಹಾಕಿಸಿದೆವು.

ಇನ್ನು ನಾನು ನಿಜವಾಗಿ ಹೇಳಲು ಕುಳಿತ ವಿಷಯಕ್ಕೆ ಬರುತ್ತೇನೆ. ಗುಬ್ಬಿಯ ಕಡೆ ಒಂದು ಹಳ್ಳಿ. ಅಲ್ಲಿ ದಾಕ್ಷಾಯಣಮ್ಮ ಎನ್ನುವವರು ಹೊಸದಾಗಿ ಬೋರು ಕೊರೆಸಿದ್ದರು. ಗಂಡ ತೀರಿಕೊಂಡು ಹೆಚ್ಚು ಕಾಲ ಆಗಿರಲಿಲ್ಲ. ಗಂಡನ ಪಾಲಿನ ಜಮೀನಿನಲ್ಲಿ ಸೊಪ್ಪು, ಸೇವಂತಿಗೆ ಬೆಳೆದುಕೊಂಡು ಸ್ವಂತವಾಗಿ ಬದುಕುತ್ತೇನೆ ಎಂದು ಆ ಹೆಂಗಸು ಹಟ ಹಿಡಿದಿದ್ದರು. ಗಂಡನ ಅಣ್ಣ ಶಿವಲಿಂಗಪ್ಪನವರಿಗೆ ಅದು ಹಿಡಿಸಿರಲಿಲ್ಲ. ಕೆಟ್ಟವರಲ್ಲ, ಆದರೆ ಮಾತೆಂದರೆ ತಮ್ಮದೇ ಕೊನೆಯ ಮಾತಾಗಬೇಕು ಎನ್ನುವ ಜನ. ಊರ ಹಿರಿಯರ ಮುಂದೆಯೇ ಅವರು ಹೇಳಿದ್ದರಂತೆ, "ನೀರ್ ಬಂದ್ರೆ ನೀನ್ ಮಾಡ್ಕೊ. ಬೋರ್ ನಿಂತ್ರೆ ಜಮೀನು ನಾನ್ ಉಳ್ತೀನಿ, ನೀನು ಕುಣಿಗಲ್‌ಗೆ ತೌರಿಗೆ ಹೋಗು." ಆಕೆ ಒಪ್ಪಿಕೊಂಡಿದ್ದರು. ಬೋರಿನಲ್ಲಿ ನೀರು ಚೆನ್ನಾಗಿಯೇ ಬಿತ್ತು.

ಮೋಟರು ಇಳಿಸಲು ನಾನೂ ಸಾಬರೂ ಹೋದೆವು. ನಮ್ಮ ಕಡೆ ಮೋಟರು ಬಿಡುವ ಮೊದಲು ಪೂಜೆ ಮಾಡದೆ ಯಾರೂ ಬಿಡುವುದಿಲ್ಲ. ಮೋಟರನ್ನು ತೊಳೆದು, ವಿಭೂತಿ ಎಳೆದು, ಕುಂಕುಮ ಇಟ್ಟು, ಹೂವು ಸುತ್ತಿ, ಕಾಯಿ ಒಡೆದು ಆಮೇಲೆ ಇಳಿಸುತ್ತಾರೆ. ಕುಂಕುಮವನ್ನು ಮನೆಯ ಮುತ್ತೈದೆ ಇಡಬೇಕು. ಅಂದು ಇಟ್ಟವರು ಶಿವಲಿಂಗಪ್ಪನವರ ಹೆಂಡತಿ ಪಾರ್ವತಮ್ಮ. ಬೋರು ಯಾರದೋ ಅವರು, ಅಂದರೆ ದಾಕ್ಷಾಯಣಮ್ಮ, ದೂರದಲ್ಲಿ ಹೊಂಗೆ ಮರದ ಕೆಳಗೆ ಸೆರಗನ್ನು ಬಿಗಿಯಾಗಿ ಹೊದ್ದು ನಿಂತಿದ್ದರು. ನೀರು ಬಂದಾಗ ಎಲ್ಲರೂ ಪೈಪಿನ ಹತ್ತಿರ ಓಡಿದರೂ ಅವರು ಬರಲಿಲ್ಲ. ಎಲ್ಲರೂ ಹೋದ ಮೇಲೆ ಬಂದು ಕಾಲುವೆಯ ನೀರಿನಲ್ಲಿ ಕೈ ಅದ್ದಿ ಕಣ್ಣಿಗೆ ಒತ್ತಿಕೊಂಡರು.

ಕೆಲವು ದಿನಕ್ಕೆ ಅಂಗಡಿಗೆ ಫೋನು ಬಂತು. ನೀರು ನಿಂತಿದೆ. ಹೋಗಿ ಎತ್ತಿದೆವು. ಡ್ರಮ್ಮಿನ ನೀರಿನಲ್ಲಿ ಮುಳುಗಿಸಿ ಓಡಿಸಿ ನೋಡಿದರೆ ಪಂಪು ಸೊಗಸಾಗಿ ಓಡಿತು. ಮತ್ತೆ ಇಳಿಸಿದೆವು, ನೀರು ಬಂತು. ಸ್ವಲ್ಪ ದಿನಕ್ಕೆ ಮತ್ತೆ ನಿಂತಿತು. ಮತ್ತೆ ಎತ್ತಿದೆವು, ಮತ್ತೆ ಎಲ್ಲವೂ ಸರಿ. ಆಗ ಈಗಿನ ಹಾಗೆ ಕ್ರೇನ್ ಗಾಡಿಯಿರಲಿಲ್ಲ, ಹಗುರವಾದ ಪ್ಲಾಸ್ಟಿಕ್ ಪೈಪೂ ಇರಲಿಲ್ಲ. ಮುಕ್ಕಾಲಿ ಕಂಬ ನಿಲ್ಲಿಸಿ, ಚೈನು ಎಳೆದು, ಒಂದೊಂದು ಕಬ್ಬಿಣದ ಪೈಪನ್ನೂ ರೆಂಚಿನಲ್ಲಿ ಬಿಚ್ಚಬೇಕು. ನಮ್ಮ ಅಂಗಡಿ ಯಜಮಾನರಿಗೆ ತಲೆ ಕೆಟ್ಟಿತು. "ಬೋರೇ ಸರಿಯಿಲ್ಲ ಅಂತ ಹೇಳಿ ಕೈ ತೊಳ್ಕೊಂಡ್ ಬನ್ನಿ" ಎಂದರು. ಅವರು ಹಾಗೆ ಹೇಳುವುದು ಸುಲಭ. ನಾವು ಆ ಮಾತನ್ನು ಅಲ್ಲಿ ಹೇಳಿದರೆ ದಾಕ್ಷಾಯಣಮ್ಮ ಕುಣಿಗಲ್ ಬಸ್ಸು ಹತ್ತಬೇಕಾಗಿತ್ತು.

ಮತ್ತೆ ಫೋನು ಬಂದಾಗ ಸಾಬರು ಯಜಮಾನರಿಗೆ ಹೇಳದೆಯೇ ಹೊರಟರು. ನಾವು ಹೋದಾಗ ಶಿವಲಿಂಗಪ್ಪನವರು ಬದುವಿನ ಮೇಲೆ ನಿಂತಿದ್ದರು.

"ಇನ್ನೆಷ್ಟ್ ಸಲ ಎತ್ತೀರಾ ಸಾಬ್ರೇ? ಈ ಜಾಗವೇ ಆಗ್ಬರಲ್ಲ. ನಾನ್ ಮೊದ್ಲೇ ಹೇಳ್ದೆ. ಇದೊಂದ್ಸಲ ನೋಡ್ಬುಡಿ, ಆಮ್ಯಾಕೆ ಮುಚ್ಚುಸ್ತೀನಿ."

ದಾಕ್ಷಾಯಣಮ್ಮ ಸ್ಟಾರ್ಟರ್ ಪೆಟ್ಟಿಗೆಯ ಪಕ್ಕ ನಿಂತಿದ್ದರು. ಅವರ ಹಿಂದೆ ಪಾತಿಯಲ್ಲಿ ದಂಟಿನ ಸೊಪ್ಪು ಬಾಡಿ ಮಲಗಿತ್ತು.

ಸಾಬರು ಈ ಸಲ ಎತ್ತಲು ಹೇಳಲಿಲ್ಲ. "ಓಡ್ಸು ರಂಗ, ಕೂತ್ಕೊಂಡ್ ನೋಡಾಣ" ಎಂದರು. ತ್ರೀ ಫೇಸ್ ಕರೆಂಟಿತ್ತು. ಸ್ವಿಚ್ ಒತ್ತಿ ನಾವಿಬ್ಬರೂ ಪೈಪಿನ ಮುಂದೆ ಕುಳಿತೆವು. ನೀರು ತುಂಬಿಕೊಂಡೇ ಬಂತು. ನೋಡನೋಡುತ್ತಾ ಸಣ್ಣಗಾಯಿತು, ಆಮೇಲೆ ನಿಂತೇಹೋಯಿತು. ಆಫ್ ಮಾಡಿ, ಬೀಡಿ ಸೇದುವಷ್ಟು ಹೊತ್ತು ಬಿಟ್ಟು ಮತ್ತೆ ಒತ್ತಿದರೆ ಪೂರ್ತಿ ನೀರು ಬಂತು, ಮತ್ತೆ ಸಣ್ಣಗಾಯಿತು. ನನಗೆ ಆಗ ಬೇಸರ ಹೋಗಿ ಆಟ ನೋಡುವ ಹುಮ್ಮಸ್ಸು ಬಂದಿತ್ತು.

"ಬೋರಲ್ಲಿ ನೀರ್ ಖಾಲಿಯಾದ್ರೆ ಪೈಪಲ್ಲಿ ಏನ್ ಬರ್ಬೇಕು?" ಸಾಬರು ಕೇಳಿದರು.

"ಗಾಳಿ. ಬುಸ್ ಬುಸ್ ಅನ್ಬೇಕು."

"ಅಂತೈತಾ?"

"ಇಲ್ಲ."

"ಮೋಟರ್ ಕಚ್ಕೊಂಡಿದ್ರೆ ಸ್ಟಾರ್ಟರ್ ಮೀಟರ್ ಮುಳ್ಳು ಮೇಲೋಗ್ಬೇಕು. ಇದು ಕೆಳಗಿಳೀತೈತೆ. ಅಂದ್ರೆ?"

ನಾನು ಯೋಚಿಸಿದೆ. ನೀರು ಇದೆ, ಪಂಪಿಗೆ ಸಿಗುತ್ತಿಲ್ಲ. ನಿಲ್ಲಿಸಿದರೆ ಸಿಗುತ್ತದೆ. "ಯಾರೋ ಅದರ ಬಾಯ್ಗೆ ಕೈ ಅಡ್ಡ ಇಟ್ಟು, ನಿಲ್ಲಿಸಿದ್ ಕೂಡ್ಲೇ ಕೈ ತೆಗೆದಂಗಿದೆ ಸಾಬ್ರೇ" ಎಂದೆ.

ಸಾಬರ ಕಪ್ಪು ಹುಬ್ಬು ಮೇಲೆದ್ದಿತು. "ಶಾಬಾಸ್. ಈಗ ಎತ್ತು."

ಎತ್ತಿದೆವು. ಪಂಪಿನ ಕೆಳಭಾಗದಲ್ಲಿ ನೀರು ಒಳಗೆ ಹೋಗುವ ಕಡೆ ಒಂದು ಜಾಲರಿ ಇರುತ್ತದೆ. ಮೊದಲೆರಡು ಸಲವೂ ಅದನ್ನು ನೋಡಿದ್ದೆವು, ಶುಭ್ರವಾಗಿತ್ತು. ಈ ಸಲ ಸಾಬರು ಉಗುರಿನಲ್ಲಿ ಕೆರೆದು ನೋಡಿದರು. ಜಾಲರಿಯ ತೂತಿನಲ್ಲಿ ಕೂದಲಿನಷ್ಟು ತೆಳ್ಳನೆಯ ಒಂದು ಹಸಿರು ದಾರ ಸಿಕ್ಕಿಕೊಂಡಿತ್ತು. ಅದನ್ನು ನನ್ನ ಅಂಗೈ ಮೇಲೆ ಇಟ್ಟು ಕನ್ನಡಿ ತೆಗೆದರು.

ಬಿಸಿಲು ಚೆನ್ನಾಗಿತ್ತು. ಬೆಳಕು ಬೋರಿನೊಳಗೆ ಇಳಿಯಿತು. ಕೇಸಿಂಗ್ ಮುಗಿಯುವ ಬಂಡೆಯ ಅಂಚಿನ ಮೇಲೆ, ಅಂದು ಕಪ್ಪೆ ಕುಳಿತಿದ್ದಂಥದೇ ಜಾಗದಲ್ಲಿ, ಏನೋ ಹಸಿರಾಗಿ ಮಿನುಗಿತು. ಕನ್ನಡಿ ಅಲುಗಿದರೆ ಮಾಯ, ಸರಿಯಾಗಿ ಹಿಡಿದರೆ ಮತ್ತೆ ಮಿನುಗು. ನಾನು ಬಹಳ ಹೊತ್ತು ನೋಡಿದೆ.

"ಬಳೆ ಸಾಬ್ರೇ," ಎಂದು ಪಿಸುಗುಟ್ಟಿದೆ. "ಗಾಜಿನ ಬಳೆ."

ಗಂಗಮ್ಮನಿಗೆ ಬಾಗಿನ ಕೊಡುವುದು ನಮ್ಮ ಕಡೆ ಹೊಸದೇನಲ್ಲ. ಬಳೆ, ಅರಿಶಿನದ ಕೊಂಬು, ಎಲೆ ಅಡಿಕೆ, ಒಂದು ರವಿಕೆ ಕಣ, ಇಷ್ಟನ್ನು ಕೆರೆಗೋ ಬಾವಿಗೋ ಬಿಡುತ್ತಾರೆ. ಕೆರೆಗೆ ಬಿಟ್ಟರೆ ಏನೂ ಆಗುವುದಿಲ್ಲ. ಬೋರಿಗೆ ಬಿಟ್ಟರೆ ಬಳೆ ತಳ ಸೇರುತ್ತದೆ, ಒಂದೊಂದು ಹೀಗೆ ಅಂಚಿನಲ್ಲಿ ಕೂರುತ್ತದೆ, ಬಟ್ಟೆ ನೀರಿನಲ್ಲೇ ತೇಲಾಡಿಕೊಂಡಿರುತ್ತದೆ. ಮೋಟರು ನೀರು ಎಳೆದಾಗ ಬಂದು ಜಾಲರಿಗೆ ಮೆತ್ತಿಕೊಳ್ಳುತ್ತದೆ, ನಿಲ್ಲಿಸಿದರೆ ಬಿಟ್ಟುಕೊಂಡು ಕೆಳಗೆ ಹೋಗುತ್ತದೆ. ನಾವು ಎತ್ತಿದಾಗಲೆಲ್ಲ ಅದು ಕೆಳಗೆ ಬೋರಿನಲ್ಲೇ ಉಳಿಯುತ್ತಿತ್ತು. ಎಲ್ಲವೂ ತಾಳೆಯಾಯಿತು. ಆದರೆ ಪೂಜೆಯ ದಿನ ನಾನು ಅಲ್ಲೇ ಇದ್ದೆ, ಪಾರ್ವತಮ್ಮ ಬೋರಿನೊಳಗೆ ಏನನ್ನೂ ಬಿಟ್ಟಿರಲಿಲ್ಲ. ಹಾಗಾದರೆ ಇದನ್ನು ಬಿಟ್ಟವರು ಯಾರು?

ಸಾಬರು ಎದ್ದು ಕೈ ಒರೆಸಿಕೊಂಡರು. "ಯಜಮಾನ್ರೇ, ಒಂದ್ ಕಪ್ಲಿಂಗ್ ಬೇಕಾಗೈತೆ. ನೀವೇ ಗುಬ್ಬೀಗೋಗಿ ತಂದ್ರೆ ನೋಡಿ ತರ್ತೀರಾ. ಬೇರೆಯೋರು ಮೋಸ ಹೋಗ್ತಾರೆ" ಎಂದು ಶಿವಲಿಂಗಪ್ಪನವರಿಗೆ ಹೇಳಿದರು. ನಮ್ಮ ಚೀಲದಲ್ಲಿ ಕಪ್ಲಿಂಗು ಬೇಕಾದಷ್ಟಿದ್ದವು. ಶಿವಲಿಂಗಪ್ಪನವರು ಹೆಮ್ಮೆಯಿಂದಲೇ ಬೈಕು ಹತ್ತಿ ಹೋದರು.

ದಾಕ್ಷಾಯಣಮ್ಮ ಮಜ್ಜಿಗೆ ತಂದರು. ಸಾಬರು ಲೋಟ ತೆಗೆದುಕೊಂಡು ತಮ್ಮ ಹಳೇ ಪ್ರಶ್ನೆಯನ್ನು ಬಹಳ ಮೆತ್ತಗೆ ಕೇಳಿದರು. "ತಾಯೀ, ಬೋರ್ ಕೊರ್ಸಿದ್ ಮ್ಯಾಲೆ, ನಾವ್ ಮೋಟರ್ ಬಿಡಾಕ್ ಮುಂಚೆ, ಇಲ್ಲಿ ಹೊಸದಾಗಿ ಏನಾಯ್ತು?"

ಆಕೆ ನನ್ನ ಅಂಗೈಯನ್ನೇ ನೋಡುತ್ತಿದ್ದರು. ಹಸಿರು ದಾರ ಇನ್ನೂ ಅಲ್ಲೇ ಇತ್ತು. ನಾನು ಆಗ ಅವರ ಕೈ ನೋಡಿದೆ. ಬರಿಗೈ. ಮಜ್ಜಿಗೆ ಚೊಂಬನ್ನು ಕೆಳಗಿಟ್ಟರು.

"ನಾನೇ ಅಣ್ಣಾ," ಎಂದರು. "ಬೆಳಿಗ್ಗೆ ಯಾರೂ ಏಳಾಕ್ ಮುಂಚೆ ಬಂದು, ಬಾಯ್ಗೆ ಮುಚ್ಚಿದ್ ಕಲ್ ಸರ್ಸಿ ಬಿಟ್ಟೆ. ಅವ್ರಿದ್ದಾಗ ಗೌರಿ ಹಬ್ಬಕ್ಕೆ ತಂದುಕೊಟ್ಟಿದ್ ಬಳೆ, ಕಣ. ಇನ್ ನಂಗ್ಯಾಕೆ ಅಂತ. ಪೂಜೆ ದಿವ್ಸ ನನ್ನ ಹತ್ರ ಬಿಡಲ್ಲ ಅಂತ ಗೊತ್ತಿತ್ತು. ನನ್ ಬೋರು, ನಾನೇ ಒಂದ್ ಮಾತು ಗಂಗಮ್ಮಂಗೆ ಹೇಳ್ಕೊಬೇಕು ಅನ್ನುಸ್ತು." ಸೆರಗಿನಲ್ಲಿ ಮುಖ ಒರೆಸಿಕೊಂಡರು. "ನಾನ್ ಕೊಡ್ಬಾರ್ದಿತ್ತು. ನನ್ ಕೈಯಿಂದು ಗಂಗಮ್ಮ ಒಪ್ಕೊಳ್ಳಲಿಲ್ಲ."

ಇಷ್ಟು ದಿನ ನೀರು ನಿಂತಾಗಲೆಲ್ಲ ಈ ಹೆಂಗಸು ಅದನ್ನು ತನ್ನ ಮೇಲೇ ಹಾಕಿಕೊಂಡು, ಯಾರಿಗೂ ಹೇಳದೆ ಸಂಕಟಪಟ್ಟಿದ್ದರು. ನಾವು ಮಾತ್ರ ನಮ್ಮ ಬೆನ್ನು ನೋವನ್ನೇ ಹೇಳಿಕೊಂಡು ತಿರುಗಿದ್ದೆವು.

ಸಾಬರು ಮಜ್ಜಿಗೆ ಪೂರ್ತಿ ಕುಡಿದು ಲೋಟ ಕೆಳಗಿಟ್ಟರು. "ಗಂಗಮ್ಮ ಒಪ್ಕೊಂಡವ್ಳೆ ತಾಯಿ. ನೀರ್ ಕೊಟ್ಟಿಲ್ವಾ? ಒಪ್ಕೊಳ್ದೆ ಇರೋದು ನಮ್ ಮೋಟರು. ಅದಕ್ಕೆ ಬಟ್ಟೆ ಆಗ್ಬರಲ್ಲ, ಅಷ್ಟೇ."

ಆಕೆ ಅಳುತ್ತಲೇ ನಕ್ಕುಬಿಟ್ಟರು.

ಬಾವಿಗೆ ಬಿದ್ದ ಕೊಡ ತೆಗೆಯಲು ಪಾತಾಳಗರಡಿ ಬಿಡುತ್ತಿದ್ದುದನ್ನು ಹಳಬರು ನೋಡಿರುತ್ತಾರೆ, ಸುತ್ತಲೂ ಕೊಕ್ಕೆಗಳಿರುವ ಕಬ್ಬಿಣದ ಗೊಂಚಲು. ಅದು ಬೋರಿನಲ್ಲಿ ಹಿಡಿಸುವುದಿಲ್ಲ. ಸಾಬರು ಸೈಕಲ್ ಕಡ್ಡಿಗಳನ್ನು ಬಗ್ಗಿಸಿ, ಕಬ್ಬಿಣದ ಸರಳಿನ ತುದಿಗೆ ಬಿಗಿದು ಅಲ್ಲೇ ಒಂದು ಪುಟ್ಟ ಪಾತಾಳಗರಡಿ ಮಾಡಿದರು. ತೆಳುವಾದ ವೈರ್ ಹಗ್ಗಕ್ಕೆ ಕಟ್ಟಿ ಇಳಿಸಿದೆವು. ನೀರಿನಲ್ಲಿ ಮುಳುಗಿದ ನಂತರ ಮೇಲೆ ಕೆಳಗೆ ಆಡಿಸುತ್ತಾ, ತಿರುಗಿಸುತ್ತಾ ಹುಡುಕಿದೆವು. ಬರಿಗೈಯಲ್ಲಿ ಎಷ್ಟೋ ಸಲ ಮೇಲೆ ಬಂತು. ದಾಕ್ಷಾಯಣಮ್ಮ ಹಗ್ಗವನ್ನೇ ನೋಡುತ್ತಾ ನಿಂತಿದ್ದರು. ಕೊನೆಗೆ ಹಗ್ಗ ಸ್ವಲ್ಪ ತೂಕವಾಯಿತು. ಕೈಯಲ್ಲಿ ಗೊತ್ತಾಗುತ್ತದೆ ಅದು. ಉಸಿರು ಬಿಗಿಹಿಡಿದು ಎಳೆದೆ. ಕೊಕ್ಕೆಯಲ್ಲಿ ಹಸಿರು ರವಿಕೆ ಕಣ ನೇತಾಡುತ್ತಾ ಬಂತು, ಅದರ ಒಂದು ಮೂಲೆಯಲ್ಲಿ ಅರಿಶಿನದ ಕೊಂಬಿನ ಗಂಟು ಇನ್ನೂ ಬಿಚ್ಚಿರಲಿಲ್ಲ.

ಆಕೆ ಅದನ್ನು ಹಿಂಡಿ, ಮಡಿಸಿ, ಸೆರಗಿನೊಳಗೆ ಇಟ್ಟುಕೊಂಡರು.

ಅಷ್ಟರಲ್ಲಿ ಬೈಕಿನ ಸದ್ದಾಯಿತು. ಶಿವಲಿಂಗಪ್ಪನವರು ಕಪ್ಲಿಂಗ್ ತಂದಿದ್ದರು, ಹಿಂದೆ ಪಾರ್ವತಮ್ಮನವರೂ ಪೂಜೆ ತಟ್ಟೆ ಹಿಡಿದುಕೊಂಡು ಬಂದಿದ್ದರು.

"ಏನಾಗಿತ್ತು?" ಶಿವಲಿಂಗಪ್ಪ ಕೇಳಿದರು.

"ಜಾಲರಿಗೆ ಕಸ ಕಟ್ಟಿತ್ತು. ತೆಗ್ದಿದ್ದೀವಿ," ಎಂದರು ಸಾಬರು. "ಇನ್ ತೊಂದ್ರೆ ಇಲ್ಲ."

"ಈ ಸಲಾನೂ ನಿಂತ್ರೆ?"

"ನಿಲ್ಲಲ್ಲ. ಗ್ಯಾರಂಟಿ ಕೊಡ್ತೀನಿ."

ಗ್ಯಾರಂಟಿ ಎನ್ನುವ ಪದ ಕೇಳಿ, ಬೋರು ಮುಚ್ಚಿಸುವ ಮಾತನ್ನೇ ಮರೆತವರಂತೆ ಶಿವಲಿಂಗಪ್ಪನವರ ಮುಖ ಅರಳಿತು. ಪಾರ್ವತಮ್ಮ ಮೋಟರಿಗೆ ಕುಂಕುಮ ಇಡಲು ಬಗ್ಗಿದರು. ದಾಕ್ಷಾಯಣಮ್ಮ ಅಭ್ಯಾಸದಂತೆ ಹೊಂಗೆ ಮರದ ಕಡೆಗೆ ಹೆಜ್ಜೆ ಹಾಕಿದರು.

"ವಸಿ ತಡೀರಮ್ಮ," ಎಂದರು ಸಾಬರು. "ದಿನಾ ಸ್ಟಾರ್ಟರ್ ಒತ್ತೋರು ಯಾರು?"

"ಇವ್ಳೇ," ಎಂದು ಪಾರ್ವತಮ್ಮ ಓರಗಿತ್ತಿಯ ಕಡೆ ಕೈ ತೋರಿಸಿದರು.

"ಅಂಗಾದ್ರೆ ಕುಂಕುಮ ಅವ್ರೇ ಇಡ್ಬೇಕು. ನಮ್ ಲೈನಲ್ಲಿ ರೂಲ್ಸ್ ಐತೆ. ಸ್ಟಾರ್ಟರ್ ಒತ್ತೋರ್ ಕೈಯಿಂದ್ಲೇ ಮೋಟರ್‌ಗೆ ಕುಂಕುಮ ಬೀಳ್ಬೇಕು. ಇಲ್ಲಾಂದ್ರೆ ಗ್ಯಾರಂಟಿ ಇಲ್ಲ."

ಶಿವಲಿಂಗಪ್ಪನವರು ಸಾಬರ ಮುಖ ನೋಡಿದರು. ಅದರಲ್ಲಿ ನಗುವಿನ ಸುಳಿವೂ ಇರಲಿಲ್ಲ. "ಇದ್ಯಾವ್ ರೂಲ್ಸ್ ಸಾಬ್ರೇ? ಹೋದ್ಸಲ ಹೇಳ್ಲಿಲ್ವಲ್ಲ?"

"ಹೋದ್ಸಲ ಗ್ಯಾರಂಟಿ ಕೊಟ್ಟಿದ್ನಾ?"

ಶಿವಲಿಂಗಪ್ಪನವರು ನನ್ನ ಕಡೆ ತಿರುಗಿದರು. ನಾನು ಕತ್ತು ಆಡಿಸಿ, "ಹೌದ್ ಯಜಮಾನ್ರೇ, ರೂಲ್ಸ್ ಐತೆ" ಎಂದೆ. ಶಿವಲಿಂಗಪ್ಪ ಕೆಮ್ಮಿದರು, ಪೈಪುಗಳನ್ನು ನೋಡಿದರು, ಆಮೇಲೆ ಅತ್ತ ತಿರುಗಿ, "ಮಿಷನ್ ವಿಷ್ಯ, ನಮ್ಗೇನ್ ಗೊತ್ತಾಯ್ತದೆ. ಕೊಡೇ ಅವ್ಳಿಗೆ ತಟ್ಟೆಯ" ಎಂದು ಹೆಂಡತಿಗೆ ಹೇಳಿದರು. ಪಾರ್ವತಮ್ಮ ಒಂದು ಕ್ಷಣವೂ ತಡಮಾಡಲಿಲ್ಲ. ಇದಕ್ಕೇ ಕಾಯುತ್ತಿದ್ದವರ ಹಾಗೆ ತಟ್ಟೆಯನ್ನು ಓರಗಿತ್ತಿಯ ಕೈಗೆ ಇಟ್ಟು, "ಬಾ ದಾಕ್ಷಿ" ಎಂದರು.

ದಾಕ್ಷಾಯಣಮ್ಮ ಮಂಡಿಯೂರಿ ಕುಳಿತು ಮೋಟರಿಗೆ ಕುಂಕುಮ ಇಟ್ಟರು. ಕುಂಕುಮ ಸ್ವಲ್ಪ ಓರೆಯಾಯಿತು. ಯಾರೂ ಅದನ್ನು ಒರೆಸಲಿಲ್ಲ. ಮೋಟರನ್ನು ಹಾಗೆಯೇ ಇಳಿಸಿದೆವು. ಆಕೆಯೇ ಹೋಗಿ ಸ್ಟಾರ್ಟರ್ ಒತ್ತಿದರು. ನೀರು ಬಂತು, ಕತ್ತಲಾಗಿ ಕರೆಂಟು ಹೋಗುವವರೆಗೂ ಒಂದೇ ಸಮ ಬಂತು. ನಾವು ಅಲ್ಲಿಯವರೆಗೂ ಕಾದಿದ್ದು ನೋಡಿಕೊಂಡೇ ಹೊರಟೆವು.

ವಾಪಸು ಬರುವಾಗ ಗುಬ್ಬಿಯಲ್ಲಿ ಟೀಗೆ ನಿಂತಾಗ ನಾನು ಕೇಳಿದೆ, "ಸಾಬ್ರೇ, ಆ ರೂಲ್ಸ್ ಯಾವಾಗಿಂದ?"

ಸಾಬರು ಟೀ ಊದಿಕೊಂಡರು. "ಇವತ್ತಿಂದ."

ಆಮೇಲೆ ಅವರು ಆ ರೂಲ್ಸನ್ನು ಬಿಡಲಿಲ್ಲ. ಎಲ್ಲಿಗೆ ಹೋದರೂ ಮೋಟರು ಇಳಿಸುವ ಮೊದಲು, "ಸ್ಟಾರ್ಟರ್ ಒತ್ತೋರು ಯಾರು?" ಎಂದು ಕೇಳತೊಡಗಿದರು. ಜೊತೆಗೆ ಇನ್ನೊಂದನ್ನೂ ಸೇರಿಸಿದರು. ಗಂಗಮ್ಮನಿಗೆ ಬಾಗಿನ ಕೊಡುವವರು ಬೋರಿನೊಳಗೆ ಬಿಡಬಾರದು, ಮೊದಲು ಬಂದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಅದಕ್ಕೆ ಕೊಡಬೇಕು. ಕೆಲವು ಕಡೆ ಸ್ಟಾರ್ಟರ್ ಒತ್ತುವವನು ಕೂಲಿಯಾಳಾಗಿರುತ್ತಿದ್ದ, ಕೆಲವು ಕಡೆ ಮನೆಯ ಸೊಸೆ, ಒಮ್ಮೆ ಕಣ್ಣು ಕಾಣದ ಒಬ್ಬ ಮುದುಕ, ಬಟನ್ನು ತಡವಿ ತಡವಿ ಒತ್ತುತ್ತಿದ್ದವನು. ಎಲ್ಲರೂ ಮುಂದೆ ಬಂದು ಕುಂಕುಮ ಇಡುತ್ತಿದ್ದರು. ಅವರು ಮುಂದೆ ಬರುವಾಗ ಮುಖದಲ್ಲಿ ಏನಾಗುತ್ತದೆ ಎಂದು ನೋಡುವುದೇ ನನಗೆ ಒಂದು ಹುಚ್ಚಾಯಿತು. ನಾನೇ ಮೇಸ್ತ್ರಿಯಾದ ಮೇಲೂ ಅದನ್ನೇ ಮುಂದುವರಿಸಿದೆ. ನನ್ನ ಕೈಕೆಳಗೆ ಕಲಿತವರು ಬೇರೆ ಬೇರೆ ಅಂಗಡಿ ಸೇರಿದರು, ಕೆಲವರು ಸ್ವಂತ ಗಾಡಿ ಮಾಡಿಕೊಂಡರು. ಸಾಬರು ಈಗ ಇಲ್ಲ. ಅವರ ಕನ್ನಡಿ ನನ್ನ ಹತ್ತಿರ ಇದೆ. ದಾಕ್ಷಾಯಣಮ್ಮನವರ ಬೋರು ಇನ್ನೂ ಓಡುತ್ತಿದೆ, ಅವರ ಸೇವಂತಿಗೆ ತುಮಕೂರಿನ ಮಾರ್ಕೆಟ್ಟಿಗೂ ಬರುತ್ತದೆ.

ಈಚೆಗೆ ಕುಣಿಗಲ್ಲಿನಲ್ಲಿ ನಾದಿನಿಯ ಮನೆಗೆ ಹೋಗಿದ್ದೆವು. ಪಕ್ಕದ ಮನೆಯವರ ತೋಟದಲ್ಲಿ ಮೋಟರು ಬಿಡುತ್ತಿದ್ದರು. ನನಗೆ ಕಾಲು ನಿಲ್ಲಲಿಲ್ಲ, ಹೋಗಿ ಬೇಲಿಯ ಪಕ್ಕ ನಿಂತೆ. ಈಗ ಎಲ್ಲವೂ ಸಲೀಸು. ಗಾಡಿಯ ಮೇಲಿನ ಕ್ರೇನು, ಕಪ್ಪು ಪ್ಲಾಸ್ಟಿಕ್ ಪೈಪಿನ ಉದ್ದನೆಯ ಸುರುಳಿ, ಬೋರಿನೊಳಗೆ ಇಳಿದು ಟಿವಿಯ ಹಾಗೆ ತೋರಿಸುವ ಕ್ಯಾಮೆರಾ. ಆ ಕ್ಯಾಮೆರಾದ ಪರದೆಯನ್ನು ನಾನೂ ಇಣುಕಿ ನೋಡಿದೆ. ಕಪ್ಪೆ ಇರಲಿಲ್ಲ. ಗಾಡಿಯ ಮೇಸ್ತ್ರಿಗೆ ನನ್ನ ಗುರುತಿರಲಿಲ್ಲ. ಮನೆಯ ಯಜಮಾನರು ಹೆಂಡತಿಯೊಡನೆ ಪೂಜೆ ತಟ್ಟೆ ಹಿಡಿದು ಸಿದ್ಧವಾಗಿದ್ದರು.

"ಒಂದ್ನಿಮಿಷ ಇರಿ," ಎಂದ ಮೇಸ್ತ್ರಿ. "ದಿನಾ ಸ್ಟಾರ್ಟರ್ ಒತ್ತೋರು ಯಾರು?"

ಅವರು ಮುಖ ಮುಖ ನೋಡಿಕೊಂಡರು. ಹಿತ್ತಿಲ ಗೋಡೆಯ ಪಕ್ಕದಿಂದ ಒಂದು ಸಣ್ಣ ದನಿ, "ನಾನೇ ಕಣಪ್ಪಾ" ಎಂದಿತು. ಮಾಸಿದ ಸೀರೆಯ ವಯಸ್ಸಾದ ಹೆಂಗಸು, ಯಜಮಾನರ ಅಕ್ಕನಂತೆ. ಬರಿ ಹಣೆ, ಬರಿಗೈ.

"ಬನ್ನಿ ಅಮ್ಮ. ನೀವೇ ಇಡ್ಬೇಕು. ಇಲ್ಲಾಂದ್ರೆ ಗ್ಯಾರಂಟಿ ಇಲ್ಲ."

ಆಕೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಮುಂದೆ ಬಂದರು. ಆ ಮುಖವನ್ನು ನೋಡುತ್ತಾ ನನಗೆ ಕಣ್ಣು ಮಂಜಾಯಿತು. ಸುಧಾರಿಸಿಕೊಂಡು ಮೇಸ್ತ್ರಿಯ ಹತ್ತಿರ ಹೋಗಿ, "ಏನಪ್ಪಾ ಇದು, ಹಿಂಗೂ ಒಂದ್ ರೂಲ್ಸ್ ಇದ್ಯಾ?" ಎಂದು ಕೇಳಿದೆ.

"ಇದು ಹಳೇ ಕಾಲದ್ದು ಯಜಮಾನ್ರೇ," ಎಂದ ಅವನು, ಕೇಬಲ್ಲಿಗೆ ಟೇಪು ಸುತ್ತುತ್ತಾ. "ನಮ್ ತಾತ ಮುತ್ತಾತನ್ ಕಾಲ್ದಿಂದ ಬಂದಿರೋದು. ನಿಮ್ಗೆ ಗೊತ್ತಿರಲ್ಲ ಬುಡಿ."

"ಇಲ್ಲಪ್ಪ," ಎಂದೆ. "ಹೇಳಿದ್ ಒಳ್ಳೇದಾಯ್ತು."